ಸ್ಪಾರ್ಕ್ ಪ್ಲಗ್ ಬದಲಾವಣೆ: ಮಾಲೀಕರಿಗೂ ತಿಳಿದಿರಲಿ

ಮಾನ್ಯರೇ,

ಪೆಟ್ರೋಲ್ ಕಾರು ಚಾರ್ಮಾಡಿ ಘಾಟಿಯ ಏರಿನಲ್ಲಿ ಮುಗ್ಗರಿಸತೊಡಗಿದರೆ ಪೆಟ್ರೋಲ್ ಕಲಬೆರಕೆಯಾಗಿದೆ ಎಂದು ದೂರುವವರೇ ಹೆಚ್ಚು. ಎಂಜಿನ್ನಿನಲ್ಲಿ ಪೆಟ್ರೋಲ್ ಹೊತ್ತಿಕೊಳ್ಳಲು ಕಿಡಿ ಕೊಡುವ, ಆದರೆ ಸವೆದುಹೋದ ಸ್ಪಾರ್ಕ್ ಪ್ಲಗ್‌ನತ್ತ ಗಮನ ಹರಿಯುವುದು ಕಡಿಮೆ. ಸಾಮಾನ್ಯ ನಿಕಲ್ ಪ್ಲಗ್‌ಗಳನ್ನು ಸುಮಾರು 30ರಿಂದ 40 ಸಾವಿರ ಕಿ.ಮೀ.ಗೆ, ಇರಿಡಿಯಂ ಪ್ಲಗ್‌ಗಳನ್ನು 1 ಲಕ್ಷ ಕಿ.ಮೀ. ಆಸುಪಾಸಿನಲ್ಲಿ ಬದಲಿಸಬೇಕಾಗುತ್ತದೆ; ನಿಖರ ಮಿತಿ ಕಾರಿನ ಕೈಪಿಡಿಯಲ್ಲಿರುತ್ತದೆ. ಪ್ಲಗ್ಗಿಗೆ ವಿದ್ಯುತ್ ಒದಗಿಸುವ ಇಗ್ನಿಷನ್ ಕಾಯಿಲ್‌ಗಳು ಸುಲಭವಾಗಿ ಕೈಗೆಟುಕುವ ಸಣ್ಣ ಕಾರುಗಳಲ್ಲಿ ಇದು ಮನೆಯಂಗಳದಲ್ಲೇ ಆಗುವ ಕೆಲಸ.

ಆದರೆ ಅವಸರ ಸಲ್ಲದು. ಎಂಜಿನ್ ಪೂರ್ತಿ ತಣ್ಣಗಾಗುವ ಮೊದಲೇ ಪ್ಲಗ್ ಬಿಚ್ಚಲು ಹೋದರೆ ಪ್ಲಗ್ ಕೂರುವ, ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ (ತಿರುಪಿನ ಗೆರೆಗಳು) ಕಿತ್ತುಬರಬಹುದು, ಆ ದುರಸ್ತಿಯ ಖರ್ಚು ಹೊಸ ಪ್ಲಗ್‌ಗಳ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ತೋಟದ ಮಣ್ಣುರಸ್ತೆಗಳಲ್ಲಿ ಓಡಾಡುವ ನಮ್ಮ ಜಿಲ್ಲೆಯ ಕಾರುಗಳಲ್ಲಿ ಪ್ಲಗ್ ಕುಳಿಯ ಸುತ್ತ ಧೂಳು ಕೂತಿರುವ ಸಾಧ್ಯತೆ ಹೆಚ್ಚಾದ್ದರಿಂದ, ಬಿಚ್ಚುವ ಮೊದಲೇ ಗಾಳಿ ಹಾಯಿಸಿ ಅದನ್ನು ತೆಗೆಯಬೇಕು. ಇಲ್ಲವಾದರೆ ಅದು ನೇರವಾಗಿ ಸಿಲಿಂಡರಿನೊಳಕ್ಕೆ ಬೀಳುತ್ತದೆ. ಹೊಸ ಪ್ಲಗ್ಗನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ, ಕೊನೆಯ ಬಿಗಿತವನ್ನು ಮಾತ್ರ ನಿಗದಿತ ಬಲದಷ್ಟೇ ಬಿಗಿಸಲು ನೆರವಾಗುವ ಟಾರ್ಕ್ ರೆಂಚ್‌ನಿಂದ ಕೊಡಬೇಕು.

ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್‌ಗಳು ರಜಾದಿನಗಳಲ್ಲಿ ಕಾರು ಮಾಲೀಕರಿಗಾಗಿ ಇಂಥ ಕೆಲಸಗಳ ಪ್ರಾತ್ಯಕ್ಷಿಕೆ ಏರ್ಪಡಿಸಬೇಕೆಂದು ಕೋರುತ್ತೇನೆ.

– ಓದುಗ, ಚಿಕ್ಕಮಗಳೂರು