ಹೇಡಿಗಳು ಎನ್ನುವ ಮೊದಲು

ಚಿ. ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಪ್ರಬಂಧದ ಮೂರನೆಯ ಅಧ್ಯಾಯ ಓದಿದೆ. ಸ್ಟಾಲಿನ್ ಕಾಲದಲ್ಲಿ ಬಂಧಿತ ಗಂಡಂದಿರಿಗೂ ತಮಗೂ ಸಂಬಂಧವಿಲ್ಲ ಎಂದು ಸಾರಿದ ಹೆಂಡತಿಯರನ್ನು ‘ಹೇಡಿಗಳು’ ಎಂದು ಕರೆದಿದ್ದೀಯೆ. ಅದನ್ನು ಮೊದಲು ಹೊಡೆದುಹಾಕು.

1937ರ ಆಗಸ್ಟ್ 15ರಂದು ರಹಸ್ಯ ಪೊಲೀಸರು, ಅಂದರೆ ಎನ್‌ಕೆವಿಡಿ, ಹೊರಡಿಸಿದ 00486ನೆಯ ಆದೇಶವನ್ನು ನೀನು ಅಡಿಟಿಪ್ಪಣಿಗೆ ತಳ್ಳಿದ್ದೀಯೆ. ಅದನ್ನು ನಿಧಾನವಾಗಿ ಓದು. ‘ದೇಶದ್ರೋಹಿ’ಯ ಹೆಂಡತಿಗೆ 5ರಿಂದ 8 ವರ್ಷ ಶಿಬಿರವಾಸ. ಮೊಲೆಹಾಲು ಕುಡಿಯುವ ಕೂಸು ತಾಯಿಯ ಜೊತೆಗೇ ಹೋಗಬೇಕು. ವರ್ಷವೋ ಒಂದೂವರೆ ವರ್ಷವೋ ತುಂಬಿತೆಂದರೆ ಅನಾಥಾಲಯಕ್ಕೆ. 15 ದಾಟಿದ ಮಕ್ಕಳಿಂದ ಸಮಾಜಕ್ಕೆ ಅಪಾಯವಿದೆಯೇ ಎಂದು ಅಧಿಕಾರಿಗಳು ತೂಗಿ ನೋಡುತ್ತಿದ್ದರು. ಹೆಂಡತಿ ಬಂಧನದಿಂದ ಪಾರಾಗಲು ಆ ಕಾಗದದಲ್ಲಿದ್ದ ಖಚಿತ ದಾರಿ ಒಂದೇ: ಗಂಡನ ಮೇಲೆ ತಾನೇ ದೂರು ಕೊಟ್ಟಿರಬೇಕು. ವಿಚ್ಛೇದನ ಪಡೆದವಳೂ ಪೂರ್ತಿ ನಿಶ್ಚಿಂತಳಲ್ಲ. ಮಡಿಲಲ್ಲಿ ಮಗುವಿರುವವಳ ಮುಂದೆ ಇದನ್ನಿಟ್ಟು ಅವಳ ಧೈರ್ಯವನ್ನು ಅಳೆಯಲು ನಾವು ಯಾರು?

‘ಗೊತ್ತಿರಲಿಲ್ಲ’ ಎಂಬ ಮಾತಿಗೂ ಅಲ್ಲಿ ಬೆಲೆಯಿರಲಿಲ್ಲ. 1934ರ ಕಾನೂನಿನ ಪ್ರಕಾರ, ಸೈನಿಕನೊಬ್ಬ ಗಡಿ ದಾಟಿ ಓಡಿಹೋದರೆ, ಅವನ ಜೊತೆ ವಾಸವಿದ್ದ ವಯಸ್ಕರಿಗೆ ಏನೂ ತಿಳಿಯದಿದ್ದರೂ 5 ವರ್ಷ ಸೈಬೀರಿಯಾ. ಮರುವರ್ಷ ಡಿಸೆಂಬರಿನಲ್ಲಿ ಸ್ಟಾಲಿನ್ ಮಹಾಶಯ, ತಂದೆ ಮಾಡಿದ್ದಕ್ಕೆ ಮಗ ಹೊಣೆಯಲ್ಲ ಎಂದು ಸಭೆಯಲ್ಲಿ ಅಪ್ಪಣೆ ಕೊಡಿಸಿದ! ಆ ಮಾತಿಗೂ ಮೇಲಿನ ಆದೇಶಕ್ಕೂ ನಡುವೆ ಎರಡು ವರ್ಷವೂ ಇಲ್ಲ.

ಹಾಗೆಂದು ಗಂಡನನ್ನು ಬಿಟ್ಟುಕೊಡದವರನ್ನೆಲ್ಲ ಸತಿ ಸಾವಿತ್ರಿಯರನ್ನಾಗಿಸಲೂ ಹೋಗಬೇಡ. ಕಜಾಕಸ್ತಾನದ ಅಕ್ಮೋಲಿನ್ಸ್ಕ್ ಬಳಿ ಇಂಥ ಹೆಂಡತಿಯರಿಗೆಂದೇ ಒಂದು ಶಿಬಿರವಿತ್ತು; ‘ಅಲ್ಜಿರ್’ ಎಂದು ಹೆಸರಾದದ್ದು. ಅಲ್ಲಿದ್ದ ಎಲ್ಲರೂ ಯೋಚಿಸಿ ತೀರ್ಮಾನಿಸಿ ಬಂದವರಲ್ಲ. ಬೇಕೋ ಬೇಡವೋ ಎನ್ನುವಷ್ಟು ಹೊತ್ತೂ ಸಿಗದೆ ಬಂದವರೂ ಇದ್ದರು.

ತುರ್ತುಪರಿಸ್ಥಿತಿಯ ಬಗ್ಗೆ ಪರೀಕ್ಷಕರು ಕೇಳಿಯೇ ಕೇಳುತ್ತಾರೆ. 1976ರಲ್ಲಿ ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆಂದು ಬಾಯಿ ಬಿಡಿಸಲು ಪೊಲೀಸರು ಬೆಂಗಳೂರಿನಲ್ಲಿ ಅವರ ತಮ್ಮ ಲಾರೆನ್ಸ್ ಅವರನ್ನು ಹಿಡಿದು ಚಿತ್ರಹಿಂಸೆ ಕೊಟ್ಟರು. ಎರಡೂ ಒಂದೇ ಎಂದು ಬರೆದರೆ ನಿನ್ನ ವಾದ ಬಿದ್ದುಹೋಗುತ್ತದೆ. ಇಲ್ಲಿ ಅಂಥ ಲಿಖಿತ ಕಾನೂನು ಇರಲಿಲ್ಲ, ಮುಂದಿನ ವರ್ಷ ಚುನಾವಣೆಯೂ ನಡೆಯಿತು. ಆದರೆ ಒಬ್ಬನನ್ನು ಹಿಡಿಯಲು ಅವನ ಮನೆಯವರ ಮೇಲೆ ಕೈಮಾಡುವ ಬುದ್ಧಿ ನಮ್ಮವರಿಗೂ ಹೊಳೆದಿತ್ತು ಎಂಬುದನ್ನು ಮರೆಮಾಚಬೇಡ.

ತಿದ್ದಿದ ಪ್ರತಿಯನ್ನು ಕಳುಹಿಸು. ಅಕ್ಷರ ಸ್ವಲ್ಪ ದೊಡ್ಡದಿರಲಿ.

ನಿನ್ನ ಮಾವ