ಬಸ್ಸಿನಲ್ಲಿ ಗೂಡಿನ ರೇಟು ಕೇಳಿಸುತ್ತಿಲ್ಲ

ಮಾನ್ಯ ಸಂಪಾದಕರೇ,

ನಾನು ಚಿಂತಾಮಣಿ ತಾಲ್ಲೂಕಿನ ಒಬ್ಬ ರೇಷ್ಮೆ ಬೆಳೆಗಾರ. ವಯಸ್ಸು 61. ನೂರು ಮೊಟ್ಟೆಯ, ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆಗಳ, ಸಣ್ಣ ಬೆಳೆ ನನ್ನದು. ಅಷ್ಟಕ್ಕೆ ಟೆಂಪೋ ಬಾಡಿಗೆ ಕೊಟ್ಟರೆ ಗಿಟ್ಟುವುದಿಲ್ಲ. ಹಾಗಾಗಿ ಗೂಡಿನ ಚೀಲಗಳನ್ನು ಬಸ್ಸಿಗೇ ಹಾಕಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತೇನೆ. ಮೂವತ್ತು ವರ್ಷದಿಂದ ಇದೇ ದಾರಿ.

ಮೊದಲೆಲ್ಲ ನಾವು ಶಿಡ್ಲಘಟ್ಟ ಸೇರುವಷ್ಟರಲ್ಲಿ ಅರ್ಧ ಮಾರುಕಟ್ಟೆ ಬಸ್ಸಿನಲ್ಲೇ ಮುಗಿದಿರುತ್ತಿತ್ತು. ನಿನ್ನೆ ಗೂಡು ಎಷ್ಟಕ್ಕೆ ಹೋಯಿತು, ಬೈವೋಲ್ಟೈನ್ ಅನ್ನುವ ಬಿಳಿ ಗೂಡಿಗೂ ಸಿ.ಬಿ. ಅನ್ನುವ ಮಿಶ್ರತಳಿ ಗೂಡಿಗೂ ಎಷ್ಟು ವ್ಯತ್ಯಾಸ, ಯಾರ ಮನೆಯ ಹುಳುವಿಗೆ ಸುಣ್ಣಕಟ್ಟು ರೋಗ ಬಂತು, ಯಾರ ತೋಟದಲ್ಲಿ ಸೊಪ್ಪು ಮಿಕ್ಕಿದೆ, ಎಲ್ಲವೂ ಸೀಟಿನಿಂದ ಸೀಟಿಗೆ ಹರಿದು ಬರುತ್ತಿತ್ತು. ಊಜಿ ನೊಣದ ಕಾಟಕ್ಕೆ ಪರದೆ ಹೇಗೆ ಕಟ್ಟಬೇಕು ಅಂತ ನಾನು ಕಲಿತದ್ದು ಬಸ್ಸಿನಲ್ಲಿ, ಹೆಸರು ಗೊತ್ತಿಲ್ಲದ ಒಬ್ಬ ಯಜಮಾನರಿಂದ.

ಈಗ ಆ ಮಾತು ನಿಂತುಹೋಗಿದೆ. ಮುಂದಿನ ಸೀಟಿನಲ್ಲಿ ಒಂದು ಹಾಡು, ಹಿಂದೆ ಇನ್ನೊಂದು, ಪಕ್ಕದಲ್ಲಿ ಯಾರದೋ ನಗುವಿನ ರೀಲ್ಸ್. ಹದಿನೈದು ಸೆಕೆಂಡಿಗೊಂದು ಬದಲಾಗುವುದರಿಂದ ಹಾಡಂತಲೂ ಕೇಳುವ ಹಾಗಿಲ್ಲ. ಕೆಲವು ಖಾಸಗಿ ಬಸ್ಸುಗಳಲ್ಲಂತೂ ಡ್ರೈವರ್ ಹಾಕಿದ ಪಾಟ (ತೆಲುಗಿನಲ್ಲಿ ಹಾಡು) ಬೇರೆ, ಸ್ಪೀಕರು ಸರಿಯಾಗಿ ಹೆಂಗಸರ ಸೀಟಿನ ತಲೆಯ ಮೇಲೆ. ಸ್ವಲ್ಪ ಕಮ್ಮಿ ಮಾಡಪ್ಪಾ ಅಂದರೆ, 'ಪಾಟ ಇಲ್ದಿದ್ರೆ ಜನ ಹತ್ತಲ್ಲ ತಾತ' ಅನ್ನುತ್ತಾನೆ ಕ್ಲೀನರ್. ನಮ್ಮ ಕಡೆ ಜನ ಹತ್ತುವುದು ಊರು ಸೇರುವುದಕ್ಕೆ, ಅಲ್ವಾ?

ಹುಳು ಸಾಕುವವರ ಮನೆಯ ಕಷ್ಟ ಹೇಳಬೇಕು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಹುಳು ತಿನ್ನುವುದು ಅಷ್ಟಿಷ್ಟಲ್ಲ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಬಹುಪಾಲು ಆ ವಾರದಲ್ಲೇ ಖಾಲಿ. ರಾತ್ರಿ ಹುಳುಮನೆಯಲ್ಲಿ ನಿಂತರೆ ತಾರಸಿಯ ಮೇಲೆ ಸೋನೆ ಮಳೆ ಬಿದ್ದ ಹಾಗೆ ಚರಚರ ಅನ್ನುತ್ತದೆ. ಆ ಸದ್ದು ನನಗೆ ಜೋಗುಳ. ಆಮೇಲೆ ಹಣ್ಣಾದ, ಅಂದರೆ ಗೂಡು ಕಟ್ಟಲು ತಯಾರಾದ ಹುಳು ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವ ಗಡಿಬಿಡಿ. ಇದನ್ನೆಲ್ಲ ಮುಗಿಸಿ, ಗೂಡು ಬಿಡಿಸಿ ಬಸ್ಸು ಹತ್ತಿದವನಿಗೆ ಅರ್ಧ ಗಂಟೆ ಕಣ್ಣು ಮುಚ್ಚಿದರೆ ಅದೇ ಸ್ವರ್ಗ. ಅದೂ ಸಿಗುವುದಿಲ್ಲ.

ಕಳೆದ ಬೆಳೆಯಲ್ಲಿ ಆದದ್ದು ಕೇಳಿ. ಗೂಡು ಮಾರಿ ವಾಪಸ್ ಬರುತ್ತಿದ್ದೆ. ಮನೆಯಿಂದ ಫೋನ್ ಬಂತು. ತಮ್ಮನ ಹುಳು ಒಂದು ದಿನ ಮುಂಚೆಯೇ ಹಣ್ಣಾಗಿದೆ, ದಾರಿಯಲ್ಲಿ ಇಳಿದು ನೆಂಟರ ಮನೆಯಿಂದ ಹತ್ತು ಚಂದ್ರಿಕೆ ತಗೊಂಡು ಬಾ ಅಂತ ನನ್ನ ಹೆಂಡತಿ ಹೇಳುತ್ತಿದ್ದಳಂತೆ. ನನ್ನ ಹಿಂದೆ ಒಬ್ಬರ ಫೋನು ಡಂಗುಡಂಗು ಬಡಿಯುತ್ತಿತ್ತು. ನನಗೆ ಕೇಳಿಸಿದ್ದು 'ಹಣ್ಣು ತಗೊಂಡು ಬಾ' ಅಂತ ಮಾತ್ರ. ಚಿಂತಾಮಣಿಯಲ್ಲಿ ಇಳಿದು ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ಮನೆಗೆ ಹೋದೆ. ಈಗ ನಗು ಬರುತ್ತದೆ, ಆಗ ಬರಲಿಲ್ಲ. ಚಂದ್ರಿಕೆ ತರುವಷ್ಟರಲ್ಲಿ ಎಷ್ಟೋ ಹುಳು ಸೊಪ್ಪಿನ ಮಧ್ಯವೇ ಗೂಡು ಕಟ್ಟಲು ಶುರು ಮಾಡಿದ್ದವು. ಆ ಕೊಳಕು ಗೂಡಿಗೆ ನೂಲು ತೆಗೆಯುವ ಯಾವ ರೀಲರೂ ಒಳ್ಳೆ ಬೆಲೆ ಕೂಗುವುದಿಲ್ಲ.

ಹಿಂದೆ ಕೂತಿದ್ದವರು ಕಾಲೇಜು ಹುಡುಗರಲ್ಲ, ನನ್ನ ವಯಸ್ಸಿನವರೇ. ಹುಡುಗರನ್ನು ಸುಮ್ನೆ ಬೈಯುತ್ತೇವೆ. ಒಬ್ಬ ಹುಡುಗನಿಗೆ ಹೇಳಿದಾಗ 'ಸಾರಿ ತಾತ, ಇಯರ್‌ಫೋನ್ ವಯರ್ ಕಿತ್ತೋಗಿದೆ' ಅಂತ ಆಫ್ ಮಾಡಿದ. ದೊಡ್ಡವರಿಗೆ ಹೇಳಿದರೆ 'ನಿನ್ನ ಬಸ್ಸಾ ಇದು?' ಅನ್ನುವ ಉತ್ತರ ಜಾಸ್ತಿ. ನಾನೂ ಸಾಚಾ ಅಲ್ಲ. ವಾಟ್ಸಾಪಿನಲ್ಲಿ ಬಂದ ವಿಡಿಯೋ ಬಸ್ಸಿನಲ್ಲಿ ಜೋರಾಗಿ ಹಾಕಿಕೊಂಡು ಮೊಮ್ಮಗಳ ಕೈಲಿ ಬೈಸಿಕೊಂಡಿದ್ದೇನೆ.

ನಿಯಮ ಇಲ್ಲ ಅಂತಲ್ಲ. ಹೈಕೋರ್ಟಿಗೆ ಅರ್ಜಿ ಹೋಗಿ, 2021ರ ನವೆಂಬರಿನಲ್ಲಿ ಕೆ.ಎಸ್.ಆರ್.ಟಿ.ಸಿ. ಆದೇಶ ಹೊರಡಿಸಿದೆ. ಬಸ್ಸಿನಲ್ಲಿ ಮೊಬೈಲ್ ಜೋರಾಗಿ ಹಾಕುವಂತಿಲ್ಲ. ಕಂಡಕ್ಟರ್ ಮೊದಲು ತಿಳಿಸಿ ಹೇಳಬೇಕು, ಕೇಳದಿದ್ದರೆ ಇಳಿಸಬಹುದು, ಟಿಕೆಟ್ ದುಡ್ಡೂ ವಾಪಸ್ ಇಲ್ಲ. ಇದನ್ನು ಒಬ್ಬ ಕಂಡಕ್ಟರಿಗೆ ನೆನಪು ಮಾಡಿದೆ. 'ಗೊತ್ತು ಯಜಮಾನ್ರೇ, ಟಿಕೆಟ್ ಕೊಡೋದಾ, ಜಗಳ ಆಡೋದಾ?' ಅಂದರು. ಅವರದೂ ನಿಜ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಶ್ ಹೆಚ್ಚಾಗಿದೆ. ಹೆಂಗಸರಿಗೂ ಒಬ್ಬೊಬ್ಬರಿಗೆ ಶೂನ್ಯ ಟಿಕೆಟ್ ಕೊಡಬೇಕು. ಆ ನೂಕಾಟದಲ್ಲಿ ಯಾರ ಫೋನು ಅಂತ ಹುಡುಕುತ್ತಾರೆ?

ಹಾಗಾಗಿ ದಂಡ ಹಾಕಿ ಅಂತ ನಾನು ಕೇಳುತ್ತಿಲ್ಲ. ನಿಲ್ದಾಣದಿಂದ ಬಸ್ಸು ಹೊರಡುವ ಮುಂಚೆ ಕಂಡಕ್ಟರ್ ಒಂದೇ ಸಲ 'ಫೋನ್ ಸೌಂಡ್ ಕಮ್ಮಿ ಮಾಡಿ' ಅಂತ ಕೂಗಲಿ. ಎಲ್ಲರಿಗೂ ಹೇಳಿದಾಗ ಯಾರಿಗೂ ಮುಖಭಂಗ ಆಗುವುದಿಲ್ಲ. ಆ ಆದೇಶವನ್ನು ಬಾಗಿಲ ಪಕ್ಕ ದೊಡ್ಡ ಅಕ್ಷರದಲ್ಲಿ ಬರೆಸಲಿ. ನಮ್ಮ ಕಡೆ ತೆಲುಗಿನಲ್ಲೂ ಒಂದು ಸಾಲು ಇದ್ದರೆ ತಪ್ಪಿಲ್ಲ. ಖಾಸಗಿಯವರು ಡ್ರೈವರ್ ಹತ್ತಿರದ ಸ್ಪೀಕರ್ ಇಟ್ಟುಕೊಂಡು ಹಿಂದಿನದನ್ನು ಬಂದ್ ಮಾಡಲಿ.

ನನ್ನ ಹುಳು ಈಗ ಮೂರನೇ ಜ್ವರದಲ್ಲಿದೆ. ಇನ್ನು ಮೂರು ವಾರದೊಳಗೆ ಚೀಲ ಹೊತ್ತು ಮತ್ತೆ ಅದೇ ಬೆಳಗಿನ ಬಸ್ಸಿಗೆ ಬರುತ್ತೇನೆ. ಪಕ್ಕದಲ್ಲಿ ಕೂತವರು ಗೂಡಿನವರಾಗಿದ್ದರೆ ನಿನ್ನೆಯ ರೇಟು ಎಷ್ಟು ಅಂತ ಕೇಳುವವನಿದ್ದೇನೆ.

ಇಂತಿ,
ಒಬ್ಬ ರೇಷ್ಮೆ ಬೆಳೆಗಾರ,
ಚಿಂತಾಮಣಿ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ