ಗುರಿ ಕೊಟ್ಟರೆ ಸಾಲದು, ಹಣ ಎತ್ತುವ ಹಕ್ಕೂ ಕೊಡಿ

ಮಾನ್ಯ ಸಂಪಾದಕರೇ,

ಹವಾಮಾನ ಬದಲಾವಣೆಯ ಮಾತು ಬಂದಾಗಲೆಲ್ಲ ನಗರಾಡಳಿತಗಳಿಗೆ ಬೈಗುಳ ಬೀಳುತ್ತದೆ. ಜಗತ್ತು ಉಗುಳುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 70ರಷ್ಟು ನಗರಗಳ ಲೆಕ್ಕಕ್ಕೇ ಸೇರುತ್ತದೆ, ನಿಜ. ಆದರೆ ವಿದ್ಯುತ್ತನ್ನು ಯಾರಿಂದ ಕೊಳ್ಳಬೇಕು, ಬಸ್ಸಿಗೆ ಹಣ ಎಲ್ಲಿಂದ ತರಬೇಕು ಎಂಬುದನ್ನು ಬಹಳ ಕಡೆ ಮೇಲಿನ ಸರ್ಕಾರಗಳೇ ತೀರ್ಮಾನಿಸುತ್ತವೆ ಅಲ್ವಾ?

ಅನುದಾನ ಕೊಡುತ್ತೇವಲ್ಲ ಎಂದು ಅವು ಹೇಳಬಹುದು. ನಾನು ನಗರಾಡಳಿತದ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತನಾದವನು, ಅನುದಾನದ ಗುಣ ಗೊತ್ತು. ಸಾಮಾನು ಕೊಳ್ಳಲು ದುಡ್ಡು ಬರುತ್ತದೆ. ಅದನ್ನು ನೋಡಿಕೊಳ್ಳುವವರ ಸಂಬಳಕ್ಕೆ ಬರುವುದಿಲ್ಲ. ಯೋಜನೆಯ ಅವಧಿ ಮುಗಿದರೆ ಕಡತ ಕಪಾಟು ಸೇರುತ್ತದೆ.

ಫ್ರಾನ್ಸ್‌ನ ಏರ್ಪಾಡು ನನಗೆ ಇಷ್ಟವಾಗುವುದು ಇದಕ್ಕೇ. ಅಲ್ಲಿ ಸಂಸ್ಥೆಗಳು ನೌಕರರಿಗೆ ಕೊಡುವ ಸಂಬಳದ ಮೊತ್ತದ ಮೇಲೆ ಒಂದು ಸಾರಿಗೆ ಕರ ಇದೆ. 1971ರಲ್ಲಿ ಪ್ಯಾರಿಸ್ ಸುತ್ತ ಶುರುವಾಗಿ ಬೇರೆ ಊರುಗಳಿಗೂ ಹರಡಿತು. ದರದ ಗರಿಷ್ಠ ಮಿತಿಯನ್ನು ದೇಶದ ಕಾನೂನು ಹೇಳುತ್ತದೆ. ಅದರೊಳಗೆ ಎಷ್ಟು ಹಾಕಬೇಕೆಂದು ಸ್ಥಳೀಯರು ನಿರ್ಧರಿಸುತ್ತಾರೆ. ಆ ಹಣ ಬಸ್ಸು, ಟ್ರಾಮ್‌ಗಳಿಗೆ ಹೋಗುತ್ತದೆ. ವರ್ಷವರ್ಷವೂ ಬರುವ ಹಣವಾದ್ದರಿಂದ ಅದನ್ನು ನಂಬಿ ಸಾಲ ಎತ್ತಬಹುದು, ಚಾಲಕರನ್ನು ನೇಮಿಸಬಹುದು. ಹವಾಮಾನದ ಚರ್ಚೆ ಇನ್ನೂ ಜೋರಾಗಿರದ ಕಾಲದ ಕಾನೂನು ಇದು, ನೋಡಿ!

ಜರ್ಮನಿಯಲ್ಲಿ 2008ರಿಂದ ರಾಷ್ಟ್ರೀಯ ಹವಾಮಾನ ಕಾರ್ಯಕ್ರಮವೊಂದಿದೆ. ಪುರಸಭೆಗಳು ಹವಾಮಾನ ಅಧಿಕಾರಿಯನ್ನು ನೇಮಿಸಿಕೊಂಡರೆ ಕೆಲವು ವರ್ಷ ಸಂಬಳದ ಒಂದು ಪಾಲನ್ನು ಅದರಿಂದ ಕೊಡುತ್ತಾರೆ. ಒಳ್ಳೆಯದೇ. ಆ ವರ್ಷಗಳು ಕಳೆದ ಮೇಲೆ ಸಣ್ಣ ಊರು ಏನು ಮಾಡಬೇಕು ಎಂಬ ನನ್ನ ತಕರಾರು ಅಲ್ಲೂ ಉಳಿಯುತ್ತದೆ.

ಕೆಲವು ನೆರವಿಗೆ ದುಡ್ಡೂ ಜಾಸ್ತಿ ಬೇಡ. ಸ್ವತಂತ್ರ ಉತ್ಪಾದಕರಿಂದ ನೇರವಾಗಿ ವಿದ್ಯುತ್ ಕೊಳ್ಳಲು ಕೇಪ್‌ಟೌನ್ ನಗರ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. 2020ರಲ್ಲಿ ದಕ್ಷಿಣ ಆಫ್ರಿಕಾ ಸರ್ಕಾರ ನಿಯಮ ತಿದ್ದಿ ದಾರಿ ಬಿಟ್ಟಿತು. ಅಷ್ಟಕ್ಕೆ ವರ್ಷಗಟ್ಟಲೆ ಜಗಳ ಬೇಕಿತ್ತೇ?

2023ರ ದುಬೈ ಹವಾಮಾನ ಶೃಂಗಸಭೆಯಲ್ಲಿ 60ಕ್ಕೂ ಹೆಚ್ಚು ದೇಶಗಳು, ರಾಷ್ಟ್ರೀಯ ಯೋಜನೆ ಮಾಡುವಾಗ ನಗರ ಮತ್ತು ಪ್ರಾಂತ್ಯಗಳನ್ನೂ ಜೊತೆಗೆ ಕೂರಿಸಿಕೊಳ್ಳುತ್ತೇವೆ ಎಂದವು. ಸುಮ್ನೆ ಕೂರಿಸಿ ಚಹಾ ಕೊಟ್ಟು ಕಳಿಸಿದರೆ ಪ್ರಯೋಜನವಿಲ್ಲ. ಯಾವುದೇ ನಗರದ ಹವಾಮಾನ ಯೋಜನೆಯ ಸುದ್ದಿ ಪ್ರಕಟಿಸುವಾಗ, ಅದಕ್ಕೆ ಬರುವ ಹಣ ಎಷ್ಟು ವರ್ಷದ್ದು, ಯಾವ ಕರದಿಂದ ಬರುತ್ತದೆ ಎಂದು ನಿಮ್ಮ ವರದಿಗಾರರು ದಯವಿಟ್ಟು ಕೇಳಿ ಬರೆಯಲಿ.

— ಒಬ್ಬ ನಿವೃತ್ತ ಲೆಕ್ಕಾಧಿಕಾರಿ